ಒನ್ನಿ ಗುಂಡಿ

ಅರೆಕೊಪ್ಪಲಿನವರ ಬಾಯಲ್ಲಿ 'ಹ' ಅನ್ನುವ ಅಕ್ಷರ ಬಾಳಿ ಬದುಕಿದ್ದೇ ಇಲ್ಲ. ಹಳ್ಳಿ ಅಂದರೆ ಅಳ್ಳಿ, ಹೂವು ಅಂದರೆ ಊವ, ಹೋಗು ಅಂದರೆ ಓಗು. ಮಳವಳ್ಳಿಯಿಂದ ಬೆಳಕವಾಡಿ ಕಡೆಗೆ ಹೋಗುವ ಬಸ್ಸು ಹತ್ತಿ ಕಿವಿಗೊಟ್ಟು ಕೂತರೆ ಗೊತ್ತಾಗುತ್ತೆ, ಆ ದಿಕ್ಕಿನ ಊರುಗಳೆಲ್ಲ ಹಾಗೇ. ಅದರಿಂದ ಯಾರ ಗಂಟೂ ಹೋಗಿರಲಿಲ್ಲ. ಹೋಗಿದ್ದು ಮಾದಯ್ಯನೊಬ್ಬನದೇ, ಅದೂ ಎಪ್ಪತ್ತು ದಾಟಿ, ಇನ್ನು ಯಾರಿಗೂ ಏನೂ ಹೇಳಬೇಕಾಗಿಲ್ಲ ಅಂತ ಅವನು ನೆಮ್ಮದಿಯಾಗಿ ಕೂತಿದ್ದ ಕಾಲದಲ್ಲಿ.

ಆವತ್ತು ಬೆಳಗ್ಗೆ ಜಗುಲಿ ಮೇಲೆ ಕೂತು ರೊಟ್ಟಿ ತಿನ್ನುತ್ತಿದ್ದಾಗ ಮನೆ ಮುಂದೆ ಒಂದು ಜೀಪು ಬಂದು ನಿಂತಿತು. ಇಳಿದವಳು ಒಬ್ಬ ಹುಡುಗಿ. ತಲೆಗೆ ದುಪಟ್ಟಾ, ಅದರ ಮೇಲೊಂದು ಟೋಪಿ, ಕಾಲಿಗೆ ಗಂಡಸರ ಬೂಟು, ಕೈಯಲ್ಲಿ ಸುತ್ತಿಗೆ. ಹೆಸರು ನುಜ್ಹತ್. ಮಂಡ್ಯದಲ್ಲಿ ಲಾರಿ ರಿಪೇರಿ ಮಾಡುವ ಮೆಹಬೂಬ್ ಪಾಷಾನ ಮಗಳು. ಕಲ್ಲುಮಣ್ಣಿನ ವಿದ್ಯೆ ಓದಿ, ಖನಿಜ ಹುಡುಕುವ ಕಂಪನಿಯೊಂದರಲ್ಲಿ ಕೆಲಸಕ್ಕೆ ಸೇರಿದ್ದಳು. ಮಾತು ಮಾತ್ರ ಥೇಟ್ ನಮ್ಮ ಕಡೆಯದೇ.

"ತಾತ, ಈ ಊರಲ್ಲಿ ಹೊನ್ನಿನ ಗುಂಡಿ ಅಂತ ಒಂದದ್ಯಂತಲ್ಲ, ಎಲ್ಲಿ ಬತ್ತದೆ?"

"ಒನ್ನಿನ ಗುಂಡೀನಾ?" ಮಾದಯ್ಯ ನಕ್ಕ. "ಯಾರೋ ನಿಂಗೆ ಟೋಪಿ ಆಕವ್ರೆ ಕಣವ್ವ. ಇಲ್ಲಿ ಅಂಥದ್ಯಾವ್ದೂ ಇಲ್ಲ."

ಅವನ ಹೆಂಡತಿ ದೇವಿರಮ್ಮ ಒಳಗಿಂದಲೇ ಕೂಗಿದಳು. "ಒನ್ನು ಅಂದ್ರೆ ಈ ಮನೇಲಿ ನನ್ನ ಮೂಗುಬೊಟ್ಟು ಒಂದೇ ಕಣಮ್ಮ! ಅದ್ನೂ ತೋಡ್ಕೊಂಡು ಓಯ್ತೀಯೇನೋ ನೋಡು!"

ನುಜ್ಹತ್ ನಗುತ್ತಾ ಜಗುಲಿ ಮೇಲೇ ಕೂತು ತನ್ನ ಟ್ಯಾಬು ತೆಗೆದಳು. ದೇಶದ ಯಾವ ಮೂಲೆಯಲ್ಲಿ ಯಾವ ಕಾಲದಲ್ಲಿ ಯಾವ ಸರ್ವೆಯವರು ಕಲ್ಲು ಕುಟ್ಟಿದ್ದರೂ, ಅವರು ಬರೆದ ವರದಿ, ಎಳೆದ ನಕಾಶೆ ಎಲ್ಲವನ್ನೂ ಈಗ ಒಂದೇ ಭಂಡಾರಕ್ಕೆ ಸೇರಿಸಿ ಕಂಪ್ಯೂಟರಿಗೆ ಹಾಕಿದ್ದಾರಂತೆ. ಕೊಲ್ಕತ್ತದಲ್ಲಿ ಧೂಳು ತಿನ್ನುತ್ತಿದ್ದ ಕಾಗದವನ್ನು ಮಂಡ್ಯದಲ್ಲಿ ಕೂತೇ ಓದಬಹುದಂತೆ. ಅದರಲ್ಲಿ ಅರೆಕೊಪ್ಪಲು ಅಂತ ಹುಡುಕಿದರೆ ಬಂದಿದ್ದು ಮೂರೋ ನಾಕೋ ಸಾಲು. ಅವಳು ಅದನ್ನು ಕನ್ನಡ ಮಾಡಿ ಹೇಳಿದಳು.

"'ಊರಿನ ಬಡಗಲಿಗೆ, ಬೆಣಚುಕಲ್ಲಿನ ದಿಣ್ಣೆಯ ಮೇಲೆ ಒಂದು ಹಳೇ ಗುಂಡಿ. ಮಣ್ಣು ತುಂಬಿ, ಮೇಲೆ ಬಿಳಿಕಲ್ಲು ಪೇರಿಸಿ ಮುಚ್ಚಿದ್ದಾರೆ. ಊರವರು ಹೊನ್ನಿನ ಗುಂಡಿ ಅನ್ನುತ್ತಾರೆ. ಹಿಂದಿನ ಕಾಲದವರು ಚಿನ್ನ ತೆಗೆದ ಜಾಗ ಇರಬಹುದು, ಮುಂದೆ ಯಾರಾದರೂ ತೋಡಿ ನೋಡಬೇಕು.' ಇಷ್ಟು ಅದೆ ತಾತ. ಹಳಬರು ತೋಡಿದ ಕಡೆ ಚಿನ್ನ ಸಿಕ್ಕೋದು ಜಾಸ್ತಿ. ಅದ್ಕೇ ನಮ್ಮ ಕಂಪನಿಯೋರು ಈ ಏರಿಯಾನ ಆರಿಸ್ಕೊಂಡವ್ರೆ."

ಬಿಳಿಕಲ್ಲು ಅಂದಾಗ ಮಾದಯ್ಯ ಕೈಯಲ್ಲಿದ್ದ ರೊಟ್ಟಿಯನ್ನು ತಟ್ಟೆಗೆ ಹಾಕಿದ. ಆ ಕಲ್ಲು ಪೇರಿಸಿದ್ದು ಯಾವ ಹಿಂದಿನ ಕಾಲದವರೂ ಅಲ್ಲ, ಅವನೇ.

ಅದು ನಲವತ್ತು ವರ್ಷದ ಹಿಂದಿನ ಬೇಸಿಗೆ. ಸರ್ಕಾರದ ಸರ್ವೆಯವರು ಬಡಗಲ ಅರೆ, ಅಂದರೆ ಊರಿನ ಬಡಗಲಿಗಿರುವ ಬಂಡೆಗುಡ್ಡ, ಅದರ ಹತ್ತಿರ ಡೇರೆ ಹಾಕಿ, ಬೆಣಚುಕಲ್ಲಿನ ಸಾಲು ಹಿಡಿದುಕೊಂಡು ಅಲ್ಲಲ್ಲಿ ಗುಂಡಿ ತೋಡಿಸಿದ್ದರು. ಮಾದಯ್ಯ ಆಗ ಗಟ್ಟಿ ಆಳು, ಅವರಲ್ಲಿ ಕೂಲಿಗೆ ಹೋಗುತ್ತಿದ್ದ. ಡೇರೆ ಕೀಳುವ ದಿನ ಸಾಹೇಬರು ಇನ್ನೊಂದು ಗುಂಡಿಗೆ ಗುರುತು ಹಾಕಿದರು. ಅವನು ಎದೆಮಟ್ಟ ತೋಡುವಷ್ಟರಲ್ಲಿ ಲಾರಿ ಬಂತು, ಸಾಮಾನು ತುಂಬಿಕೊಂಡು ಹೊರಟೇಹೋದರು. ಆ ಕೊನೇ ಗುಂಡಿ ಲೆಕ್ಕಕ್ಕೂ ಸೇರಲಿಲ್ಲ, ಅದನ್ನು ಮುಚ್ಚುವವರೂ ಇರಲಿಲ್ಲ.

ಅದೇ ಬೇಸಿಗೆಯಲ್ಲಿ ಊರಿಗೆ ದಡಾರ ಬಂತು. ಮಾದಯ್ಯ-ದೇವಿರಮ್ಮನಿಗೆ ಆಗ ಇದ್ದದ್ದು ಒಂದೇ ಕೂಸು. ಅಜ್ಜಿಯ ಹೆಸರನ್ನೇ ಇಟ್ಟಿದ್ದರು, ಹೊನ್ನಮ್ಮ. ಬಾಯಲ್ಲಿ ಒನ್ನಿ. ಆಗಷ್ಟೇ ಗೋಡೆ ಬಿಟ್ಟು ನಡೆಯೋಕೆ ಕಲಿತಿತ್ತು. ಜ್ವರ ಏರಿತು, ಮೈಯೆಲ್ಲ ಕೆಂಪಾಯಿತು, ಮಳವಳ್ಳಿ ಆಸ್ಪತ್ರೆಗೆ ಎತ್ತಿಕೊಂಡು ಹೋಗಲು ಗಾಡಿ ಕಟ್ಟುವಷ್ಟರಲ್ಲಿ ತಾಯಿ ಮಡಿಲಲ್ಲೇ ಹೋಯಿತು.

ನಮ್ಮ ಕಡೆ ಒಂದು ಶಾಸ್ತ್ರ ಉಂಟು. ಯಾರು ಮಾಡಿದರೋ, ಅವರ ಮನೆ ಹಾಳಾಗ! ಎಳೇ ಕೂಸು ಹೋದರೆ ಗಂಡಸರೇ ಎತ್ತಿಕೊಂಡು ಹೋಗಬೇಕು, ತಾಯಿ ಹೊಸಿಲು ದಾಟಕೂಡದು. ಮಣ್ಣು ಮಾಡಿದ ಜಾಗವನ್ನು ಅವಳಿಗೆ ತೋರಿಸಕೂಡದು, ಹೇಳಲೂ ಕೂಡದು. ತೋರಿಸಿದರೆ ಮುಂದೆ ಮಡಿಲು ತುಂಬಲ್ಲವಂತೆ. ಹತ್ತು ಹೆಂಗಸರು ಸೇರಿ ದೇವಿರಮ್ಮನನ್ನು ಒಳಗೆ ಅಮುಕಿ ಹಿಡಿದುಕೊಂಡರು. ಮಾದಯ್ಯನೂ ಅವನ ಅಣ್ಣನೂ ಕೂಸನ್ನು ಟವಲ್ಲಿನಲ್ಲಿ ಸುತ್ತಿಕೊಂಡು ಹೊರಟರು. ನೆಲ ಬಿಸಿಲಿಗೆ ಕಲ್ಲಾಗಿತ್ತು, ಹಾರೆ ಹಾಕಿದರೆ ಠಣ್ ಅನ್ನುತ್ತಿತ್ತು. ಅಣ್ಣನೇ ಅಂದ, "ಬಡಗಲ ಅರೆ ತಾವ ನೀನೇ ತೋಡಿದ್ ಗುಂಡಿ ಅದ್ಯಲ್ಲಾ" ಅಂತ. ಅಲ್ಲೇ ಇಟ್ಟರು. ನಾಯಿ ನರಿ ಕೆದಕದ ಹಾಗೆ ಮಾದಯ್ಯ ಬಿಳಿಕಲ್ಲು ಹೊತ್ತು ಹೊತ್ತು ತಂದು ಪೇರಿಸಿದ.

ದೇವಿರಮ್ಮ ಬಿಡಬೇಕಲ್ಲ! ದಿನಾ ಕೇಳುವಳು, ಎಲ್ಲಿಟ್ಟೆ, ಎಲ್ಲಿಟ್ಟೆ ನನ್ನ ಮಗೀನ. ತಡೆಯಲಾರದೆ ಒಂದು ದಿನ ಮಾದಯ್ಯ ಬಾಯಿಗೆ ಬಂದದ್ದು ಹೇಳಿಬಿಟ್ಟ, "ನಾಲೆ ಏರಿ ಮೇಲೆ, ಒಂಗೆ ಮರದ ಬುಡ್ದಲ್ಲಿ." ಅವಳು ನಂಬಿದಳು. ಅಲ್ಲಿಂದೀಚೆಗೆ ಪ್ರತಿ ಹಿರೀಕರ ಹಬ್ಬಕ್ಕೂ ಆ ಹೊಂಗೆ ಮರದ ಬುಡದಲ್ಲಿ ಎಲೆ ಹಾಕಿ, ಕಜ್ಜಾಯ ಇಟ್ಟು, ಕರ್ಪೂರ ಹಚ್ಚಿ ಬರುತ್ತಿದ್ದಳು. ಮುಂದೆ ಸ್ವಾಮಿ ಅನ್ನುವ ಮಗ ಹುಟ್ಟಿದ ಮೇಲೂ ಅದು ತಪ್ಪಲಿಲ್ಲ. ಕೆಲವು ವರ್ಷದ ಹಿಂದೆ ನಾಲೆಗೆ ಸಿಮೆಂಟು ಹಾಕುವವರು ಬಂದು ಆ ಮರ ಕಡಿದು, ಜೆಸಿಬಿ ಇಟ್ಟು ಏರಿಯನ್ನೇ ಬಗೆದು ಹಾಕಿದರು. ಆವತ್ತು ದೇವಿರಮ್ಮ ಮಣ್ಣಲ್ಲಿ ಬಿದ್ದು ಹೊರಳಾಡಿ ಅತ್ತಳು, ಅನ್ನ ನೀರು ಬಿಟ್ಟು ಮಲಗಿದಳು. ಮಾದಯ್ಯ ಪಕ್ಕದಲ್ಲೇ ಕುಕ್ಕರಗಾಲಲ್ಲಿ ಕೂತು ನೋಡಿದ, ಬಾಯಿ ಬಿಡಲಿಲ್ಲ. ಅಷ್ಟು ಕಾಲ ಹೇಳದ್ದನ್ನು ಆವತ್ತು ಯಾವ ಮುಖ ಇಟ್ಟುಕೊಂಡು ಹೇಳುವುದು ಅಂತ ಅವನ ಭಯ.

ಇನ್ನು ಹೊನ್ನಿ ಹೊನ್ನಾದ ಬಗೆ. ಕೂಸು ಹೋದ ಮಾರನೇ ವರ್ಷ ಬೇರೊಬ್ಬ ಸಾಹೇಬರು, ಉತ್ತರದ ಕಡೆಯವರು, ಅರೆ ನೋಡಲು ಬಂದರು. ಅವರಿಗೆ ಕನ್ನಡ ಬಾರದು. ಜೊತೆಗೆ ಮಾತು ತಿರುಗಿಸಿ ಹೇಳಲು ಶಾಲೆಯ ಮರಿಸಿದ್ದಯ್ಯ ಮೇಷ್ಟ್ರು. ಮೇಷ್ಟ್ರು ಮದ್ದೂರು ಕಡೆಯಿಂದ ಆಗಷ್ಟೇ ವರ್ಗವಾಗಿ ಬಂದವರು, ಊರಲ್ಲಿ ಯಾರು ಸತ್ತರು ಯಾರು ಕೆಟ್ಟರು ಅವರಿಗೇನು ಗೊತ್ತು. ಒಳ್ಳೆಯವರೇ, ಆದರೆ 'ಹ'ಕಾರದ ಹುಚ್ಚು. ಯಾರಾದರೂ ಅಳ್ಳಿ ಅಂದರೆ ಅಲ್ಲೇ ನಿಲ್ಲಿಸಿ ಹಳ್ಳಿ ಅನ್ನಿಸಿಯೇ ಬಿಡುವರು. ಅವರ ಬೆತ್ತಕ್ಕೆ ಹೆದರಿ ಮಕ್ಕಳು "ಹನ್ನ ಉಂಡ್ಕಂಡು ಬಂದೆ ಸಾ" ಅನ್ನುವ ಮಟ್ಟಕ್ಕೆ ಬಂದಿದ್ದವು. ಅವರು ಬಂದಾಗ ಮಾದಯ್ಯ ಕಲ್ಲುಗುಪ್ಪೆ ಪಕ್ಕದಲ್ಲಿ ಒಬ್ಬನೇ ಕೂತಿದ್ದ. ಈ ಜಾಗಕ್ಕೆ ಏನಂತಾರೆ ಅಂತ ಸಾಹೇಬರು ಕೇಳಿಸಿದರು. ಮನಸ್ಸಲ್ಲಿ ಇದ್ದದ್ದೇ ಅವನ ಬಾಯಿಗೆ ಬಂತು.

"ಒನ್ನಿ ಗುಂಡಿ."

"ಒನ್ನಿ ಅಲ್ಲ ಕಣಯ್ಯ, ಹೊನ್ನಿನ ಗುಂಡಿ ಅನ್ನು, ಬಾಯಿ ಬಿಟ್ಟು ಅನ್ನು" ಅಂತ ಮೇಷ್ಟ್ರು ತಿದ್ದಿ, ಸಾಹೇಬರ ಕಡೆ ತಿರುಗಿ ಇಂಗ್ಲಿಷಿನಲ್ಲಿ ಹೊನ್ನು ಅಂದರೆ ಚಿನ್ನ ಅಂತ ವಿವರಿಸಿದರು. ಸಾಹೇಬರ ಮುಖ ಅರಳಿತು. ಏನೋ ಬರೆದುಕೊಂಡರು. ಮಾದಯ್ಯನಿಗೆ ಅಷ್ಟರಲ್ಲೇ ತಪ್ಪು ಗೊತ್ತಾಯಿತು. ಆದರೆ ಅಲ್ಲ ಅಂದರೆ ಮತ್ತೇನು ಅಂತ ಕೇಳುತ್ತಾರೆ, ಹೇಳಿದರೆ ಮೇಷ್ಟ್ರ ಬಾಯಿಂದ ಊರಿಗೆ, ಊರ ಬಾಯಿಂದ ದೇವಿರಮ್ಮನಿಗೆ. ಹೂಂ ಅಂದು ಎದ್ದು ಬಂದ. ಮೇಷ್ಟ್ರು ತೀರಿಕೊಂಡರು, ಅಣ್ಣ ತೀರಿಕೊಂಡ. ಆ ಸಾಲು ಮಾತ್ರ ಕಾಗದದಿಂದ ಕಂಪ್ಯೂಟರಿಗೆ ಹತ್ತಿಕೊಂಡು ಈಗ ಅವನ ಜಗುಲಿಗೇ ಬಂದು ಕೂತಿತ್ತು.

ಮಾದಯ್ಯ ಕೈ ತೊಳೆದು, ಜಾಗ ತೋರಿಸ್ತೀನಿ ಬಾ ಅಂತ ನುಜ್ಹತ್‌ಳನ್ನು ಅರೆಗೆ ಕರೆದುಕೊಂಡು ಹೋದ. ಹೆಂಡತಿಯ ಕಿವಿಗೆ ಬೀಳಬಾರದು, ಅದಕ್ಕೆ. ಕಲ್ಲುಗುಪ್ಪೆ ಮುಂದೆ ನಿಂತು ಎಲ್ಲವನ್ನೂ ಹೇಳಿದ. ಹೆಂಡತಿಗೆ ಹೇಳದ್ದನ್ನು ಯಾರೋ ಕಂಡರಿಯದ ಹುಡುಗಿಗೆ ಹೇಳುವಂತಾಯಿತಲ್ಲ ಅಂತ ಅವನಿಗೆ ನಾಚಿಕೆಯಾಯಿತು, ಹೇಳುತ್ತಾ ಹೇಳುತ್ತಾ ಅಳು ಬಂತು.

ನುಜ್ಹತ್ ಕೈಯಲ್ಲಿದ್ದ ಸುತ್ತಿಗೆಯನ್ನು ಕೆಳಗಿಟ್ಟಳು. "ನಾನು ತೋಡಲ್ಲ ತಾತ. ನಮ್ಮಲ್ಲೂ ಮಕ್ಳ ಗೋರಿ ಅಂದ್ರೆ ಕಾಲಿಡಲ್ಲ."

ದೂರ ಹೋಗಿ ಮೇಲಿನವರಿಗೆ ಫೋನು ಮಾಡಿದಳು. ತುಂಬ ಹೊತ್ತು ಮಾತಾಡಿ, ಮುಖ ಸಣ್ಣದು ಮಾಡಿಕೊಂಡು ಬಂದಳು.

"ಎಲ್ಲಾ ಊರಲ್ಲೂ ಹಿಂಗೇ ಅಂತಾರೆ, ದೇವ್ರು ಅಂತಾರೆ, ಗೋರಿ ಅಂತಾರೆ, ನಂಬಬೇಡ ಅಂದ್ರು. ನಾನು ತೋಡದೆ ಹೋದ್ರೆ ಮುಂದಿನ ತಿಂಗ್ಳು ಜೆಸಿಬಿ ಕಳಿಸ್ತಾರಂತೆ."

"ಅಂಗಾದ್ರೆ ಆ ಬರ್ದಿರೋದ್ನ ಅಳಿಸ್ಬುಡವ್ವ. ನಿಂಗೆ ಕೈ ಮುಗೀತೀನಿ."

"ಅಳಿಸೋಕೆ ಆಗಲ್ಲ ತಾತ. ಅದ್ರಲ್ಲಿ ಒಂದ್ಸಲ ಸೇರಿದ್ದು ಸೇರಿದ್ದೇ. ನಮ್ಮೋರು ಬುಟ್ರೂ ಇನ್ಯಾರಾದ್ರೂ ನೋಡ್ಕಂಡು ಬತ್ತಾರೆ. ಆ ಸಾಲಿನ ಪಕ್ಕ ಇನ್ನೊಂದು ಸಾಲು ಸೇರಿಸ್ಬೋದು ಅಷ್ಟೆ. ಮಣ್ಣು ತೆಗೆದು ಪರೀಕ್ಷೆ ಮಾಡಿ, ಇಲ್ಲಿ ಚಿನ್ನ ಇಲ್ಲ ಅಂತ ಬಂದ್ರೆ ಆಮ್ಯಾಕೆ ಯಾರೂ ಬರಲ್ಲ. ಮಿಶಿನ್ನು ಬ್ಯಾಡ, ಕೈಯಲ್ಲೇ ತೆಗೀಬೋದು. ನೀವು ಒಪ್ಪಿದ್ರೆ." ಮತ್ತೆ ಅಂದಳು, "ನೀವೊಬ್ರೇ ಅಲ್ಲ. ಅವ್ವನೂ ಒಪ್ಬೇಕು."

ಅಲ್ಲಿಗೆ ಮಾದಯ್ಯನ ದಾರಿ ಮುಗಿಯಿತು. ಹೇಳದೆ ಇದ್ದರೆ ಮಗಳ ಮೇಲೆ ಜೆಸಿಬಿ ಹತ್ತುತ್ತದೆ, ಹೇಳಿದರೆ ಹೆಂಡತಿಯ ಎದೆ ಒಡೆಯುತ್ತದೆ.

ಸಂಜೆ ದೇವಿರಮ್ಮ ಹಾಲು ಕರೆಯುತ್ತಿದ್ದಾಗ ಕೊಟ್ಟಿಗೆಗೆ ಹೋಗಿ ಕಂಬ ಹಿಡಿದು ನಿಂತ. "ದೇವೀರಿ, ಒನ್ನಿ ನಾಲೆ ಏರೀಲಿಲ್ಲ" ಅಂದ. ಅಷ್ಟು ಹೊರಬಿದ್ದ ಮೇಲೆ ಉಳಿದದ್ದು ತಾನಾಗಿಯೇ ಬಂತು.

ಅವಳು ಕರೆಯುವುದನ್ನು ನಿಲ್ಲಿಸಲಿಲ್ಲ. ಹಾಲು ಮುಗಿದು ಕೆಚ್ಚಲು ಬರಿದಾದರೂ ಬೆರಳು ಎಳೆಯುತ್ತಲೇ ಇತ್ತು. ಹಸು ಒದ್ದ ಮೇಲೆ ಎದ್ದಳು.

"ಒಂಗೆ ಮರ ಕಡ್ದ ದಿನ ನೀನು ಅಲ್ಲೇ ಇದ್ದಲ್ಲಯ್ಯ?"

"ಇದ್ದೆ."

"ನಾನು ಒಳ್ಳಾಡಿ ಅತ್ತಿದ್ದು ನೋಡ್ದೆ?"

"ನೋಡ್ದೆ ಕಣೇ."

"ಥೂ ನಿನ್ನ! ನೀನೊಬ್ಬ ಗಂಡಸಾ? ನನ್ನ ಮಗಳ ಮೇಲೆ ಸಿಮಿಟಿ ಸುರ್ದವ್ರೆ ಅಂತ ನಾನು ಆ ನಾಲೆ ನೀರೇ ಮುಟ್ಟಿಲ್ವಲ್ಲಯ್ಯ ಇವತ್ಗೂ. ಬರೀ ಮರಕ್ಕೆ ಕಜ್ಜಾಯ ಇಟ್ನಲ್ಲ. ನನ್ನ ಕೂಸು ಅಲ್ಲಿ ಬಡಗಲಲ್ಲಿ ಒಂದೇ ಬಿದ್ದಿತ್ತಲ್ಲ, ಒಂದು ವರ್ಸನಾರ ಅದ್ರ ತಾವ ಓಗಿದ್ರೆ ಏನಾಯ್ತಿತ್ತು ನಿಮ್ಗೆಲ್ಲ?"

ಅವಳು ಸೆರಗಿನಲ್ಲಿ ಮುಖ ಒರೆಸಿಕೊಂಡಳು. ಒರೆಸಿಕೊಂಡಷ್ಟೂ ಮತ್ತೆ ನೀರು ಬಂತು. ಕೊನೆಗೆ ಅಂದಳು, "ನಾಳೆ ಓಗವ. ತೆಗೀರಿ. ನನ್ನ ಕಣ್ಣೆದುರ್ಗೇ ತೆಗೀರಿ."

"ಎಂಗಸ್ರು ಅಲ್ಲಿಗೆ…" ಅನ್ನಲು ಹೋದ.

"ಬಾಯಿ ಮುಚ್ಚು! ಆವತ್ತು ಓಗ್ಬ್ಯಾಡ ಅಂದ್ರಿ, ಕೇಳ್ದೆ. ಈಗ ಯಾವನ್ ಅಂತಾನೋ ಅನ್ಲಿ ನೋಡವ."

ಮಾರನೇ ಬೆಳಗ್ಗೆ ಐವರು ಅರೆಗೆ ಹೋದರು: ಗಂಡ, ಹೆಂಡತಿ, ಮಗ ಸ್ವಾಮಿ, ನುಜ್ಹತ್, ಅವಳ ಜೀಪಿನ ಡ್ರೈವರ್ ಝುಬೇರ್. ಜೀಪನ್ನು ಕೆಳಗೆ ರಸ್ತೆಯಲ್ಲೇ ಬಿಟ್ಟರು. ಕಲ್ಲು ಎತ್ತಿಡುವಾಗ ಸ್ವಾಮಿ ಅಪ್ಪನ ಮುಖ ನೋಡಲಿಲ್ಲ. ತನಗೊಬ್ಬಳು ಅಕ್ಕ ಇದ್ದದ್ದು ಗೊತ್ತಿತ್ತು, ಮರದ ಬುಡದ ಕಜ್ಜಾಯವನ್ನು ಅವನೂ ಹೊತ್ತುಕೊಂಡು ಹೋಗಿದ್ದವನೇ. ಗುಂಡಿಗೆ ಇಳಿದು ಸನಿಕೆ ಹಿಡಿದವನು ಮಾದಯ್ಯ. ಕೊಡು ಇಲ್ಲಿ ಅಂತ ಮಗ ಕೇಳಿದರೂ ಕೊಡಲಿಲ್ಲ. ದೇವಿರಮ್ಮ ಅಂಚಿನಲ್ಲಿ ಕಾಲು ಚಾಚಿ ಕೂತು, ಮೇಲೆ ಬಂದ ಮಣ್ಣನ್ನೆಲ್ಲ ಅಕ್ಕಿ ಆರಿಸುವ ಹಾಗೆ ಬೆರಳಲ್ಲಿ ಆಡಿಸುತ್ತಿದ್ದಳು.

"ಏನ್ ಸುತ್ತಿದ್ದೆ?" ಅಂತ ಕೇಳಿದಳು.

"ನನ್ನ ಟವಲ್ಲು."

"ತಲೆ ಯಾವ ಕಡೀಕೆ?"

"ತೆಂಕಲಿಗೆ."

"ಮಣ್ಣು ಎಳೆಯೋವಾಗ ಮಖ ಮುಚ್ಚಿದ್ದಾ?"

ಮಾದಯ್ಯ ಸನಿಕೆ ಊರಿಕೊಂಡು ನಿಂತ. "ಮುಚ್ಚಿದ್ದೆ ಕಣೇ. ಬರೀ ಮಖದ ಮ್ಯಾಕೆ ಎಂಗೆ ಎಳೀಲಿ? ಮೊದ್ಲು ಎಕ್ಕದೆಲೆ ಆಕಿ, ಆಮೇಲೆ ಎಳ್ದೆ."

ಅವಳು ತಲೆ ಆಡಿಸಿದಳು. ಗಂಡನ ಬಗ್ಗೆ ಆ ಒಂದು ವಿಷಯದಲ್ಲಾದರೂ ಅವಳಿಗೆ ಸಮಾಧಾನವಾದ ಹಾಗಿತ್ತು.

ಎದೆಮಟ್ಟ ತೋಡಿದರು. ಏನೂ ಸಿಗಲಿಲ್ಲ. ಹಳದಿ ಮಣ್ಣು, ಬೆಣಚಿನ ಚೂರು, ಯಾವುದೋ ಗಿಡದ ಬೇರು. ಒಂದು ಮೂಳೆ ಇಲ್ಲ, ಬಟ್ಟೆಯ ಎಳೆ ಇಲ್ಲ. ತಳದಲ್ಲಿ ಗಟ್ಟಿ ಕಲ್ಲು ಸಿಕ್ಕಿ ಸನಿಕೆ ಠಣ್ ಅಂದಿತು. ಮಾದಯ್ಯ ಮಂಡಿಯೂರಿ ಆ ಕಲ್ಲನ್ನು ಬರಿಗೈಯಲ್ಲಿ ಸವರಿದ. "ಇಲ್ಲೇ ಇಟ್ಟಿದ್ದೆ ಕಣೇ ದೇವೀರಿ, ನಿನ್ನಾಣೆಗೂ ಇಲ್ಲೇ" ಅಂತ ಮತ್ತೆ ಮತ್ತೆ ಅಂದ. ಒಮ್ಮೆ ಸುಳ್ಳು ಹೇಳಿದ ಬಾಯಿ, ಈಗ ನಿಜ ಹೇಳಿದರೂ ಹೆಂಡತಿ ನಂಬುತ್ತಾಳೋ ಇಲ್ಲವೋ ಅಂತ ಅವನಿಗೆ ದಿಗಿಲು.

ನುಜ್ಹತ್ ಅಂಚಿನಲ್ಲಿ ಕೂತು ಮೆಲ್ಲಗೆ ಹೇಳಿದಳು. "ತಾತ ಹೇಳ್ತಿರೋದು ನಿಜಾನೇ ಅವ್ವ. ಎಳೇ ಮೂಳೆ ಈ ಮಣ್ಣಲ್ಲಿ ಇಷ್ಟು ಕಾಲ ಉಳಿಯಲ್ಲ. ಕರಗಿ ಮಣ್ಣಲ್ಲೇ ಸೇರ್ಕತದೆ."

"ಅಂಗಾದ್ರೆ ಈ ಮಣ್ಣೇ ಅವಳೇನಮ್ಮ?"

ನುಜ್ಹತ್ ತಲೆ ತಗ್ಗಿಸಿದಳು. ಅವಳ ಕಣ್ಣಲ್ಲೂ ನೀರಿತ್ತು. ಆಮೇಲೆ ತನ್ನ ಕೆಲಸ ಮಾಡಿದಳು, ಮಾಡಲೇಬೇಕಿತ್ತು. ತಳದ ಮಣ್ಣನ್ನು ಮಾದಯ್ಯನೇ ಬೊಗಸೆಯಲ್ಲಿ ಎತ್ತಿ ಕೊಟ್ಟ, ಅವಳು ಬಟ್ಟೆ ಚೀಲಕ್ಕೆ ತುಂಬಿ ಬಾಯಿ ಕಟ್ಟಿ, ಮೇಲೊಂದು ನಂಬರು ಬರೆದಳು. ಗುಂಡಿಯನ್ನು ಎಲ್ಲರೂ ಸೇರಿ ಮತ್ತೆ ಮುಚ್ಚಿದರು. ಝುಬೇರ್ ಚೀಲ ಎತ್ತಿಕೊಳ್ಳಲು ಬಗ್ಗಿದ. ದೇವಿರಮ್ಮ ಅದರ ಮೇಲೆ ಕೈ ಇಟ್ಟಳು.

"ಇದ್ನ ಏನ್ಮಾಡ್ತೀರಮ್ಮ?"

"ಅರ್ಧ ಪುಡಿ ಮಾಡಿ ಪರೀಕ್ಷೆ ಮಾಡ್ತಾರೆ ಅವ್ವ. ಇನ್ನರ್ಧ ಹಿಂಗೇ ಚೀಲದಲ್ಲೇ ಇಟ್ಟಿರ್ತಾರೆ, ದೊಡ್ಡ ಗೋಡೌನಲ್ಲಿ, ನಂಬರು ಹಾಕಿ."

"ಬಿಸಾಕಲ್ವಾ?"

"ಬಿಸಾಕಲ್ಲ ಅವ್ವ."

"ಮಳೆ ಬಿಸ್ಲು ಬೀಳಲ್ಲ ಅಲ್ಲಿ?"

"ಇಲ್ಲ."

ದೇವಿರಮ್ಮ ನೆಲಕ್ಕೆ ಕೈಯೂರಿ ಎದ್ದಳು. ಚೀಲವನ್ನು ಎತ್ತಿ ಎಡಸೊಂಟದ ಮೇಲೆ ಕೂರಿಸಿಕೊಂಡಳು. ಸ್ವಾಮಿ ಮುಂದೆ ಬಂದು ಕೈ ಚಾಚಿದ. "ಬುಡ್ಲಾ, ನಾನೇ ಕರ್ಕಂಡೋಯ್ತೀನಿ" ಅಂದಳು. ಸೆರಗನ್ನು ಎಳೆದು ಚೀಲದ ಮೇಲೆ ಬಿಸಿಲು ಬೀಳದ ಹಾಗೆ ಮುಚ್ಚಿ, ಕಲ್ಲು ನೋಡಿಕೊಂಡು ಒಂದೊಂದೇ ಹೆಜ್ಜೆ ಇಡುತ್ತಾ ಅರೆ ಇಳಿದಳು. ಮಾದಯ್ಯ ಸನಿಕೆ ಹೊತ್ತುಕೊಂಡು ಅವಳ ಹಿಂದೆ ನಡೆದ. ಹತ್ತಿರ ಹೋಗುವ ಧೈರ್ಯವಿಲ್ಲ, ದೂರ ಉಳಿಯುವ ಮನಸ್ಸೂ ಇಲ್ಲ.

ಝುಬೇರ್ ಜೀಪಿನ ಹಿಂಬಾಗಿಲು ತೆಗೆದು ನಿಂತ. ಒಳಗೆ ಅಂಥವೇ ಚೀಲಗಳು ಸಾಲಾಗಿ ಇದ್ದವು. ಬೇರೆ ಬೇರೆ ಊರಿನವು. ನುಜ್ಹತ್ ತನ್ನ ಬ್ಯಾಗು ಎತ್ತಿ ಜಾಗ ಮಾಡಿದಳು. ದೇವಿರಮ್ಮ ಚೀಲ ಇಳಿಸಲಿಲ್ಲ. ಸೊಂಟ ಬದಲಾಯಿಸಿದಳು, ಕೈಯಲ್ಲಿ ಒಮ್ಮೆ ಮೇಲಕ್ಕೆ ಎತ್ತಿ ಹಿಡಿದು ನೋಡಿದಳು. ಆಮೇಲೆ ಹಿಂದೆ ನಿಂತಿದ್ದ ಗಂಡನ ಕಡೆ ತಿರುಗಿದಳು. ನಿನ್ನೆ ಸಂಜೆಯಿಂದ ಅವಳು ಅವನ ಮುಖ ನೋಡಿ ಮಾತಾಡಿದ್ದು ಅದೇ ಮೊದಲು.

"ಇದ್ಕಿಂತ ಭಾರ ಇದ್ಲು ಕಣಯ್ಯ ನನ್ನ ಮಗ್ಳು" ಅಂದಳು.